ಉಣ್ಣಿಗೆ ಚಿಮಣಿ ಎಣ್ಣೆ ಬೇಡ, ಚಿಮಟ ಸಾಕು

ನವಲಗುಂದ, ಅಣ್ಣಿಗೇರಿಯ ಎರೆಸೀಮೆಯಾಗಲಿ, ಕಲಘಟಗಿಯ ಅಡವಿಯಂಚಿನ ಊರುಗಳಾಗಲಿ, ನಾಯಿಯ ಕಿವಿಯಲ್ಲಿ ಉಣ್ಣಿ ಕಂಡರೆ ಮನೆಯವರ ಕೈ ಮೊದಲು ಹೋಗುವುದು ಚಿಮಣಿ ಎಣ್ಣೆಯ ಬಾಟಲಿಗೆ. ಪಡಿತರದಲ್ಲಿ ಅದು ಸಿಗುವುದು ಅಪರೂಪವಾದ ಮೇಲೆ ಬೈಕಿನ ಪೆಟ್ರೋಲು ಆ ಜಾಗಕ್ಕೆ ಬಂದಿದೆ. ಕೆಲವರು ಸುಣ್ಣ ಮೆತ್ತುತ್ತಾರೆ, ಕೆಲವರು ತಂಬಾಕು ನೆನೆಸಿದ ನೀರು ಸವರುತ್ತಾರೆ, ಇನ್ನು ಕೆಲವರು ಉರಿಯುವ ಬೀಡಿಯನ್ನೋ ಊದಿನಕಡ್ಡಿಯನ್ನೋ ಉಣ್ಣಿಯ ಬೆನ್ನಿಗೆ ತಾಗಿಸುತ್ತಾರೆ. ಮಕ್ಕಳ ತಲೆಯಲ್ಲಿ, ಕಳೆ ತೆಗೆದು ಬಂದ ಹೆಣ್ಣುಮಕ್ಕಳ ಮೊಣಕಾಲಿನ ಸಂದಿಯಲ್ಲಿ ಹತ್ತಿದ ಉಣ್ಣಿಗೂ ಇದೇ ಉಪಚಾರ. ಹೀಗೆ ಕಾಟ ಕೊಟ್ಟರೆ ಉಣ್ಣಿ ತಾನಾಗಿ ಬಾಯಿ ಬಿಟ್ಟು ಉದುರುತ್ತದೆ ಎಂಬ ನಂಬಿಕೆಯೇ ಇದಕ್ಕೆಲ್ಲ ಆಧಾರ. ಆ ನಂಬಿಕೆ ತಪ್ಪು, ಮತ್ತು ಆ ತಪ್ಪಿಗೆ ಬೆಲೆಯೂ ಇದೆ. ಉಣ್ಣಿಯನ್ನು ಬಿಡಿಸಲು ಕಾಯುವ ಕೆಲಸವೇ ಬೇಡ. ಕಂಡ ಕೂಡಲೇ ಚಿಮಟದಿಂದ ಹಿಡಿದು ಕೀಳುವುದೇ ಸರಿಯಾದ ದಾರಿ. ಇದನ್ನು ಮನೆಮನೆಗೆ ಕಲಿಸುವ ಹೊಣೆಯನ್ನು ಆರೋಗ್ಯ ಇಲಾಖೆಯೂ ಪಶುಪಾಲನಾ ಇಲಾಖೆಯೂ ಕೂಡಿ ಹೊರಬೇಕು ಎಂಬುದು ಈ ಬರಹದ ವಾದ.

ಉಣ್ಣಿ ಕಚ್ಚುವ ಬಗೆ ಗೊತ್ತಾದರೆ ಈ ವಾದ ಅರ್ಧ ಗೆದ್ದಂತೆ. ಸೊಳ್ಳೆ ಕೂತು, ಚುಚ್ಚಿ, ಎದ್ದು ಹೋಗಲು ಒಂದೆರಡು ನಿಮಿಷ ಸಾಕು. ಉಣ್ಣಿ ಹಾಗಲ್ಲ, ಅದು ಒಂದೇ ಜಾಗದಲ್ಲಿ ದಿನಗಟ್ಟಲೆ ಬೀಡುಬಿಡುತ್ತದೆ. ಅದರ ಬಾಯಿಯ ಕೊಳವೆಯ ಮೇಲೆ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳುಗಳ ಸಾಲುಗಳಿವೆ. ಒಳಗೆ ಹೋಗುವುದು ಸುಲಭ, ಹೊರಗೆ ಬರುವುದು ಕಷ್ಟ. ಇದು ಸಾಲದೆಂಬಂತೆ ಹಲವು ಜಾತಿಯ ಉಣ್ಣಿಗಳು ಜೊಲ್ಲಿನ ಜತೆ ಒಂದು ಅಂಟನ್ನೂ ಸುರಿಸುತ್ತವೆ. ಅದು ಚರ್ಮದೊಳಗೆ ಗಟ್ಟಿಯಾಗಿ ಉಣ್ಣಿಯನ್ನು ಅಲ್ಲೇ ಬೆಸೆಯುತ್ತದೆ. ಹೀಗೆ ಬೆಸೆದುಕೊಂಡ ಜೀವಿ ಬೆನ್ನ ಮೇಲೆ ಬಿದ್ದ ಸುಣ್ಣಕ್ಕೆ ಹೆದರಿ ತಟ್ಟನೆ ಎದ್ದು ಓಡಲಾರದು. ಎಣ್ಣೆ ಸವರಿ ಉಸಿರು ಕಟ್ಟಿಸುತ್ತೇವೆ ಎಂಬ ಲೆಕ್ಕವೂ ನಿಲ್ಲುವುದಿಲ್ಲ, ಏಕೆಂದರೆ ಕೂತಲ್ಲೇ ಕೂತ ಉಣ್ಣಿ ಗಂಟೆಗೆ ಕೆಲವೇ ಸಲ ಉಸಿರಾಡುತ್ತದೆ. ಇದನ್ನು ಪರೀಕ್ಷೆಗೆ ಒಡ್ಡಿದವರೂ ಇದ್ದಾರೆ. ಅಮೆರಿಕದ ಉಣ್ಣಿತಜ್ಞ ಗ್ಲೆನ್ ನೀಡ್‌ಹ್ಯಾಮ್ 1985ರಲ್ಲಿ ಮಕ್ಕಳ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಚ್ಚಿಕೊಂಡ ಉಣ್ಣಿಗಳಿಗೆ ವ್ಯಾಸಲೀನು, ಉಗುರಿನ ಬಣ್ಣ, ಸ್ಪಿರಿಟ್ಟು, ಬಿಸಿ ಬೆಂಕಿಕಡ್ಡಿ ಎಲ್ಲವನ್ನೂ ಹಚ್ಚಿ ನೋಡಿದರು. ಯಾವುದಕ್ಕೂ ಅವು ಬಾಯಿ ಬಿಡಲಿಲ್ಲ. ಚರ್ಮಕ್ಕೆ ತಾಗಿದಂತೆ ಹಿಡಿದು ಒಂದೇ ಸಮನೆ ಎಳೆದಾಗ ಮಾತ್ರ ಬಂದವು. ಅಲ್ಲಿನ ಅಜ್ಜಿಯರ ಮದ್ದು ವ್ಯಾಸಲೀನು, ಇಲ್ಲಿಯದು ಚಿಮಣಿ ಎಣ್ಣೆ; ಎರಡರ ತರ್ಕವೂ ಒಂದೇ, ಸೋಲೂ ಒಂದೇ.

ಹಾಗಾದರೆ ತೆಗೆಯುವುದು ಹೇಗೆ? ಜಾಲಿಮುಳ್ಳು ತುಳಿದವರ ಮನೆಯಲ್ಲಿ ಮುಳ್ಳು ಕೀಳುವ ಚಿಮಟ ಇರುತ್ತದೆ. ಇಲ್ಲದಿದ್ದರೆ ಹುಬ್ಬು ತಿದ್ದುವ ಚೂಪು ತುದಿಯ ಚಿಮಟ ಊರಿನ ಬಳೆಯಂಗಡಿಯಲ್ಲೇ ಸಿಗುತ್ತದೆ. ನಾಯಿಯ ಕೂದಲು ಸರಿಸಿ, ಉಣ್ಣಿಯ ಉಬ್ಬಿದ ಹೊಟ್ಟೆಯನ್ನು ಮುಟ್ಟದೆ, ಅದರ ಬಾಯಿ ಚರ್ಮಕ್ಕೆ ಸೇರುವ ಜಾಗದಲ್ಲೇ ಹಿಡಿಯಬೇಕು. ಆಮೇಲೆ ಅವಸರವಿಲ್ಲದೆ, ಜರ್ಕು ಹೊಡೆಯದೆ, ತಿರುಚದೆ, ನೇರವಾಗಿ ಮೇಲಕ್ಕೆ ಎಳೆಯಬೇಕು. ಅಂಟು ಬಿಡಲು ಕೆಲವು ಕ್ಷಣ ಹಿಡಿಯುತ್ತದೆ; ಆ ಕೆಲವು ಕ್ಷಣ ಕೈ ಹಾಗೇ ಎಳೆಯುತ್ತಿರಲಿ. ಕಿತ್ತ ಮೇಲೆ ಜಾಗವನ್ನು ಸಾಬೂನು ನೀರಿನಲ್ಲಿ ತೊಳೆದು ಸ್ಪಿರಿಟ್ಟು ಅಥವಾ ಅಯೋಡಿನ್ ಹಚ್ಚಬೇಕು, ಕೈಯನ್ನೂ ತೊಳೆಯಬೇಕು. ಚಿಮಟ ಇಲ್ಲವೇ ಇಲ್ಲ ಎನ್ನುವಾಗ ಬೆರಳಿಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಹಾಗೇ ಚರ್ಮದ ಹತ್ತಿರ ಹಿಡಿದು ಎಳೆಯಬಹುದು. ನಾಳೆ ಚಿಮಟ ತಂದಾಗ ನೋಡೋಣ ಎಂದು ಬಿಡುವುದಕ್ಕಿಂತ ಇದು ಮೇಲು. ಕಿತ್ತ ಉಣ್ಣಿಯನ್ನು ಸ್ಪಿರಿಟ್ಟು ತುಂಬಿದ ಡಬ್ಬಿಗೆ ಹಾಕಿದರೆ ಸಾಯುತ್ತದೆ. ಅಂಟುಪಟ್ಟಿಯ ನಡುವೆ ಮಡಚಿಟ್ಟರೂ ನಡೆಯುತ್ತದೆ. ನಾಯಿಯಲ್ಲಿ ಹುಡುಕಬೇಕಾದ ಜಾಗಗಳು ಕಿವಿಯ ಒಳಮಡಿಕೆ, ಕುತ್ತಿಗೆಯ ಪಟ್ಟಿಯ ಅಡಿ, ಕಾಲ್ಬೆರಳ ಸಂದು ಮತ್ತು ಬಾಲದ ಬುಡ. ಮನುಷ್ಯರಲ್ಲಾದರೆ ಕಂಕುಳು, ತೊಡೆಸಂದು, ಮೊಣಕಾಲ ಹಿಂಭಾಗ, ಸೊಂಟದಲ್ಲಿ ಲಾಡಿ ಬಿಗಿಯುವ ಜಾಗ, ಕಿವಿಯ ಹಿಂದೆ ಮತ್ತು ಮಕ್ಕಳ ನೆತ್ತಿ. ಮೈಮೇಲೆ ಇನ್ನೂ ಹರಿದಾಡುತ್ತಿರುವ, ಎಳ್ಳಿಗಿಂತ ಸಣ್ಣ ಮರಿಗಳನ್ನು ಅಂಟುಪಟ್ಟಿಯಿಂದ ಒತ್ತಿ ತೆಗೆಯುವುದು ಸುಲಭ.

ಇಷ್ಟು ಹೇಳಿದ ಕೂಡಲೇ ಬರುವ ಮೊದಲ ಆಕ್ಷೇಪ: ಎಳೆದರೆ ತಲೆ ಒಳಗೇ ಉಳಿದು ಕೀವಾಗುತ್ತದಲ್ಲ? ಕೆಲವೊಮ್ಮೆ ಉಳಿಯುತ್ತದೆ, ನಿಜ. ಆದರೆ ಉಳಿಯುವುದು ಬಾಯಿಯ ತುದಿ ಮಾತ್ರ, ಮತ್ತೆ ಬೆಳೆಯುವ ಜೀವವಲ್ಲ. ಅದು ಚರ್ಮದಲ್ಲಿ ಮುರಿದು ಉಳಿದ ಮುಳ್ಳಿನ ತುದಿಯಷ್ಟೇ. ತೊಳೆದು ಸುಮ್ಮನೆ ಬಿಟ್ಟರೆ ಕೆಲವು ದಿನಗಳಲ್ಲಿ ದೇಹವೇ ಹೊರದೂಡುತ್ತದೆ. ರೋಗಾಣು ಇರುವುದು ಉಣ್ಣಿಯ ಹೊಟ್ಟೆಯಲ್ಲಿ, ಜೊಲ್ಲಿನ ಗ್ರಂಥಿಯಲ್ಲಿ. ಮುರಿದ ಬಾಯಿತುದಿಗೆ ಹೊಸದಾಗಿ ಜೊಲ್ಲು ಸುರಿಸುವ ಶಕ್ತಿಯಿಲ್ಲ. ಗಾಯ ದೊಡ್ಡದಾಗುವುದು ಸೂಜಿಯಿಂದ, ಬ್ಲೇಡಿನಿಂದ ಕೆದಕಿದಾಗ. ಅದಕ್ಕಿಂತ ಹೆಚ್ಚು ಹೆದರಬೇಕಾದದ್ದು ನಮ್ಮ ಕಡೆ ಸಹಜವೆಂಬಂತೆ ನಡೆಯುವ ಇನ್ನೊಂದು ರೂಢಿಗೆ, ಅಂದರೆ ಕಿತ್ತ ಉಣ್ಣಿಯನ್ನು ಹೆಬ್ಬೆರಳ ಉಗುರಿನಲ್ಲಿ ಕುಕ್ಕುವುದು, ಕಲ್ಲಿನ ಮೇಲಿಟ್ಟು ಜಜ್ಜುವುದು. ದನ ಮೇಯಿಸುವ ಹುಡುಗರಿಗೆ ಇದೊಂದು ಆಟ. ಒಡೆದ ಉಣ್ಣಿಯ ರಸ ಬೆರಳಿನ ಸೀಳಿಗೋ ಕಣ್ಣಿಗೋ ತಾಗಿದರೆ, ಕಚ್ಚದೆಯೂ ಸೋಂಕು ದಾಟಬಲ್ಲದು. ಕ್ರಿಮಿಯನ್-ಕಾಂಗೋ ರಕ್ತಸ್ರಾವ ಜ್ವರ ಹೀಗೂ ಹರಡುತ್ತದೆ ಎಂಬುದು ದಾಖಲಾದ ಸಂಗತಿ. ಆ ಜ್ವರ 2011ರಲ್ಲಿ ಗುಜರಾತಿನ ಸಾಣಂದ ಕಡೆ ಮೊದಲ ಬಾರಿಗೆ ನಮ್ಮ ದೇಶದಲ್ಲಿ ಕಾಣಿಸಿಕೊಂಡಾಗ ರೋಗಿಯ ಜತೆ ಚಿಕಿತ್ಸೆ ಕೊಟ್ಟವರೂ ಜೀವ ಕಳೆದುಕೊಂಡರು. ಅದನ್ನು ಹೊರುವ ಹಯಲೋಮಾ ಕುಲದ ಉಣ್ಣಿಗಳು ಕರ್ನಾಟಕದ ದನಗಳ ಮೈಮೇಲೂ ಇವೆ. ಧಾರವಾಡದವರು ಇದನ್ನು ಓದಿ ದಿಗಿಲುಪಡಬೇಕಾಗಿಲ್ಲ, ಉಗುರಿನಲ್ಲಿ ಕುಕ್ಕುವುದನ್ನು ನಿಲ್ಲಿಸಿದರೆ ಸಾಕು.

ಆಸ್ಟ್ರೇಲಿಯಾದ ಅಲರ್ಜಿ ತಜ್ಞರು ಇದಕ್ಕೆ ಪೂರಾ ವಿರುದ್ಧವಾದ ಸಲಹೆ ಕೊಡುತ್ತಾರೆ. ಅದನ್ನು ಮುಚ್ಚಿಟ್ಟು ವಾದ ಮಾಡುವುದು ಸರಿಯಲ್ಲ. ಉಣ್ಣಿಯನ್ನು ಎಳೆಯಬೇಡಿ, ಈಥರ್ ಇರುವ ಸ್ಪ್ರೇ ಹೊಡೆದು ಅದು ಇದ್ದಲ್ಲೇ ಹೆಪ್ಪುಗಟ್ಟಿ ಸಾಯುವಂತೆ ಮಾಡಿ ಎನ್ನುತ್ತಾರೆ ಅವರು. ಅದಕ್ಕೆ ಕಾರಣವಿದೆ. ಅಲ್ಲಿನ ಪೂರ್ವ ಕರಾವಳಿಯ ಒಂದು ಜಾತಿಯ ಉಣ್ಣಿಯ ಜೊಲ್ಲಿಗೆ ಕೆಲವರ ದೇಹ ಎಷ್ಟು ತೀವ್ರವಾಗಿ ಪ್ರತಿಕ್ರಿಯಿಸುತ್ತದೆಂದರೆ, ಅದನ್ನು ಕೆಣಕಿದರೆ ಉಸಿರು ಕಟ್ಟಿ ಪ್ರಾಣಾಪಾಯವಾಗಬಹುದು. ಆ ಜಾತಿ ನಮ್ಮಲ್ಲಿಲ್ಲ, ಆ ಸ್ಪ್ರೇಯೂ ಅಣ್ಣಿಗೇರಿಯ ಔಷಧ ಅಂಗಡಿಯಲ್ಲಿ ಸಿಗುವುದಿಲ್ಲ. ಅವರ ಸಲಹೆಯ ಒಳತಿರುಳಾದ ಹೊಟ್ಟೆ ಹಿಚುಕಬೇಡಿ ಎಂಬ ಮಾತು ಮಾತ್ರ ಇಲ್ಲಿಗೂ ಸಲ್ಲುತ್ತದೆ.

ಇನ್ನು ಬೇಗ ಏಕೆ ಕೀಳಬೇಕು ಎಂಬ ಪ್ರಶ್ನೆ. ಉಣ್ಣಿ ಕಚ್ಚಿದ ಗಳಿಗೆಯಲ್ಲೇ ರೋಗ ದಾಟುವುದು ಅಪರೂಪ. ಹೆಚ್ಚಿನ ರೋಗಾಣುಗಳಿಗೆ ಉಣ್ಣಿಯ ಹೊಟ್ಟೆಗೆ ಬಿಸಿರಕ್ತ ಬಿದ್ದು ಎಚ್ಚರಗೊಂಡು, ಜೊಲ್ಲಿನ ಮೂಲಕ ಇಳಿಯಲು ಸಮಯ ಬೇಕು. ಆ ಸಮಯ ಒಂದೊಂದು ರೋಗಕ್ಕೆ ಒಂದೊಂದು ಬಗೆ. ನಾಯಿಗಳನ್ನು ಸೊರಗಿಸಿ, ಮೂಗಿನಿಂದ ರಕ್ತ ಬರಿಸಿ ಕೊಲ್ಲುವ ಎರ್ಲಿಕಿಯಾ ಕೆಲವೇ ಗಂಟೆಗಳಲ್ಲಿ ದಾಟಬಲ್ಲದು ಎಂದು ಪ್ರಯೋಗಗಳು ತೋರಿಸಿವೆ. ಯುರೋಪ್, ಅಮೆರಿಕಗಳ ಲೈಮ್ ರೋಗಕ್ಕೆ ಸಾಮಾನ್ಯವಾಗಿ ಒಂದು ದಿನಕ್ಕಿಂತ ಹೆಚ್ಚು ಬೇಕು. ಈಗ ಚಿಮಣಿ ಎಣ್ಣೆ ಸವರಿ ಬೆಳಗಾಗುವವರೆಗೆ ಕಾಯುವ ಮನೆಯ ಲೆಕ್ಕ ಹಾಕಿ ನೋಡಿ. ಮದ್ದು ಹಚ್ಚಿದೆವೆಂಬ ಸಮಾಧಾನ ಮನೆಯವರಿಗೆ, ಇಡೀ ರಾತ್ರಿ ಉಣ್ಣಿಗೆ. ಬಿಸಿ ತಾಗಿದ ಉಣ್ಣಿ ಹೊಟ್ಟೆಯಲ್ಲಿದ್ದುದನ್ನು ಗಾಯಕ್ಕೇ ಕಕ್ಕೀತು ಎಂಬ ಭಯವನ್ನೂ ತಜ್ಞರು ಹೇಳುತ್ತ ಬಂದಿದ್ದಾರೆ. ಅದನ್ನು ಬದಿಗಿಟ್ಟರೂ ಕಳೆದುಹೋದ ಗಂಟೆಗಳ ಲೆಕ್ಕವೇ ಈ ಮದ್ದುಗಳ ವಿರುದ್ಧ ಸಾಕಷ್ಟು ಬಲವಾದ ಸಾಕ್ಷಿ. ಮೇಲಾಗಿ ಪೆಟ್ರೋಲು ನಾಯಿಯ ಚರ್ಮ ಸುಡುತ್ತದೆ; ನೆಕ್ಕಿಕೊಂಡರೆ ಶ್ವಾಸಕೋಶಕ್ಕೂ ಇಳಿಯಬಹುದು.

ಉಣ್ಣಿಯಿಂದ ಮನುಷ್ಯರಿಗೆ ಬರುವ ರೋಗವೆಂದರೆ ಮಂಗನ ಕಾಯಿಲೆ, ಅದು ಮಲೆನಾಡಿನದು, ಬಯಲಿನವರಿಗೆ ಇದೆಲ್ಲ ಯಾಕೆ ಎನ್ನುವವರಿದ್ದಾರೆ. ಮಂಗನ ಕಾಯಿಲೆಯ ಭಯಕ್ಕೆ ಕಾರಣವಿಲ್ಲದಿಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು, ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ವೈರಾಣುವನ್ನು ಗುರುತಿಸಿದ ರೋಗವದು. 2018ರ ಕೊನೆಗೆ ಸಾಗರ ತಾಲೂಕಿನ ಅರಳಗೋಡು ಭಾಗದಲ್ಲಿ ಮತ್ತೆ ಹಲವರ ಜೀವ ತೆಗೆಯಿತು. ತಗುಲಿದ ನೂರು ಜನರಲ್ಲಿ ಮೂರರಿಂದ ಐವರು ಸಾಯುತ್ತಾರೆ. ದಶಕಗಳ ಕಾಲ ಕೊಡುತ್ತಿದ್ದ ಹಳೆಯ ಲಸಿಕೆಯೂ ಫಲ ಕೊಡುತ್ತಿಲ್ಲವೆಂದು 2022ರಲ್ಲಿ ನಿಂತುಹೋಯಿತು. ಆ ರೋಗ ಉತ್ತರ ಕನ್ನಡದಲ್ಲಿದೆ, ಉತ್ತರ ಕನ್ನಡದ ಯಲ್ಲಾಪುರ, ಮುಂಡಗೋಡ ತಾಲೂಕುಗಳು ಕಲಘಟಗಿಯ ಗಡಿಗೆ ತಾಗಿವೆ. ಕಟ್ಟಿಗೆಗೆ, ದನ ಮೇಯಿಸಲಿಕ್ಕೆ ಅಡವಿಗೆ ಹೋಗುವವರು ತಾಲೂಕಿನ ಗಡಿಕಲ್ಲು ನೋಡಿ ಹಿಂತಿರುಗುವುದಿಲ್ಲ. ಆದರೆ ಈ ವಾದ ಮಂಗನ ಕಾಯಿಲೆಯ ಮೇಲೆ ನಿಂತಿಲ್ಲ. ಎರೆಹೊಲದ ಊರುಗಳಿಗೆ ಹೆಚ್ಚು ಸಂಬಂಧಪಟ್ಟದ್ದು ಕಡಿಮೆ ಹೆಸರಾದ ಇನ್ನೊಂದು ಜ್ವರ. ವೈದ್ಯರು ಅದನ್ನು ಇಂಡಿಯನ್ ಟಿಕ್ ಟೈಫಸ್ ಎನ್ನುತ್ತಾರೆ. ರಿಕೆಟ್ಸಿಯಾ ಎಂಬ ಸೂಕ್ಷ್ಮಾಣುವಿನಿಂದ ಬರುವ ಇದನ್ನು ಹೊರುವ ಉಣ್ಣಿಗಳಲ್ಲಿ ಮನೆಬಾಗಿಲಿನ ನಾಯಿಯ ಕಂದು ಉಣ್ಣಿಯೂ ಒಂದು. ಅದಕ್ಕೆ ಕಾಡು ಬೇಕಾಗಿಲ್ಲ, ಒಂದು ನಾಯಿ ಮತ್ತು ಬಿರುಕು ಬಿಟ್ಟ ಒಂದು ಗೋಡೆ ಇದ್ದರೆ ಸಾಕು.

ಈ ಜ್ವರದ ಕಥೆಯಲ್ಲಿ ವಿಷಾದದ ಸಂಗತಿ ಎಂದರೆ ಅದು ಕೊಲ್ಲಬಲ್ಲದು, ಆದರೆ ಮದ್ದು ಬಲು ಅಗ್ಗ. ಜೋರು ಜ್ವರ, ತಲೆನೋವು, ಮೈಕೈನೋವು. ಮೂರು-ನಾಲ್ಕು ದಿನಕ್ಕೆ ಮೈಮೇಲೆ ಗುಳ್ಳೆ, ಅಂಗೈ ಅಂಗಾಲಿನಲ್ಲೂ ಕೆಂಪು ಕಲೆ. ನೋಡಿದವರು ಡೆಂಗಿ ಎನ್ನುತ್ತಾರೆ, ದಡಾರ ಎನ್ನುತ್ತಾರೆ, ದಡಾರ ಎಂದರೆ ಅಮ್ಮನ ಬೇನೆ ಎಂದು ಬೇವಿನ ತಪ್ಪಲು ಹಾಸಿ ಮಲಗಿಸುವವರೂ ಇದ್ದಾರೆ. ಡಾಕ್ಸಿಸೈಕ್ಲಿನ್ ಎಂಬ ಹಳೆಯ, ಅಗ್ಗದ ಮಾತ್ರೆಗೆ ಇದು ಬಗ್ಗುತ್ತದೆ, ತಡವಾದರೆ ಮಿದುಳು, ಮೂತ್ರಪಿಂಡಗಳಿಗೆ ಇಳಿಯುತ್ತದೆ. ಲಕ್ಷಣ ನೋಡಿ ಅನುಮಾನ ಬಂದ ಕೂಡಲೇ, ರಕ್ತಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಚಿಕಿತ್ಸೆ ಶುರುಮಾಡಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2015ರ ಮಾರ್ಗಸೂಚಿಯೇ ಹೇಳುತ್ತದೆ. ಆದರೆ ಅನುಮಾನ ಬರಬೇಕಾದರೆ ಉಣ್ಣಿಯ ಸುದ್ದಿ ವೈದ್ಯರ ಕಿವಿಗೆ ಬೀಳಬೇಕು. ಉಣ್ಣಿ ಕಿತ್ತದ್ದು ನಾಚಿಕೆಯ ಮಾತೋ ಕ್ಷುಲ್ಲಕ ಮಾತೋ ಎಂದು ಯಾರೂ ಹೇಳುವುದಿಲ್ಲ, ಕೇಳುವವರೂ ಕಡಿಮೆ. ಅದಕ್ಕೇ ಉಣ್ಣಿ ಕಿತ್ತ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಮುಂದಿನ ಎರಡು ವಾರ ಜ್ವರ ಬಂದರೆ ಆ ಮಾತನ್ನು ಮೊದಲು ಹೇಳುವುದೂ ಉಣ್ಣಿ ಕೀಳುವ ಕೆಲಸದ ಒಂದು ಭಾಗವೇ.

ಅಜ್ಜ-ಮುತ್ತಜ್ಜರ ಕಾಲದಿಂದ ಹೀಗೇ ಮಾಡುತ್ತ ಬಂದಿದ್ದೇವೆ, ಯಾರಿಗೇನಾಯಿತು ಎಂಬ ಪ್ರಶ್ನೆಯನ್ನು ತಳ್ಳಿಹಾಕುವುದು ಅಹಂಕಾರವಾದೀತು. ಕಚ್ಚುವ ಉಣ್ಣಿಗಳಲ್ಲಿ ಹೆಚ್ಚಿನವು ರೋಗ ಹೊತ್ತಿರುವುದಿಲ್ಲ, ಹಾಗಾಗಿ ಯಾವ ಮದ್ದು ಹಚ್ಚಿದರೂ ಬಹಳ ಸಲ ಏನೂ ಆಗುವುದಿಲ್ಲ. ಆ ಯಶಸ್ಸು ಮದ್ದಿನ ಲೆಕ್ಕಕ್ಕೆ ಜಮೆಯಾಗುತ್ತದೆ. ಆದವರದ್ದು ಮಾತ್ರ 'ವಿಷಮಜ್ವರ' ಎಂದೋ 'ಮೈಮೇಲೆ ಎದ್ದಿತ್ತು' ಎಂದೋ ಬೇರೆ ಲೆಕ್ಕಕ್ಕೆ ಹೋಯಿತು. ಉಣ್ಣಿ ರೋಗ ಹರಡುತ್ತದೆಂಬುದು ಹೊಸದಾಗಿ ಹುಟ್ಟಿದ ಭಯವೂ ಅಲ್ಲ. ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರಾವಲಂಬಿಯನ್ನು ಕಂಡದ್ದು 1897ರಲ್ಲಿ. ಅದಕ್ಕೂ ನಾಲ್ಕು ವರ್ಷ ಮೊದಲೇ, 1893ರಲ್ಲಿ, ದನಗಳ ರಕ್ತಮೂತ್ರದ ಜ್ವರ ಉಣ್ಣಿಯಿಂದ ಹರಡುತ್ತದೆಂದು ಅಮೆರಿಕದ ಸ್ಮಿತ್ ಮತ್ತು ಕಿಲ್ಬೋರ್ನ್ ತೋರಿಸಿಕೊಟ್ಟಿದ್ದರು. ಸೊಳ್ಳೆಗೆ ಊರೂರಲ್ಲಿ ಫಲಕಗಳಿವೆ. ಮೊದಲು ಸಿಕ್ಕಿಬಿದ್ದ ಉಣ್ಣಿಗೆ ಇಲ್ಲ.

ಚಿಮಣಿ ಎಣ್ಣೆಗಿಂತ ಅಪಾಯದ್ದು ಬೇರೆ ಎಣ್ಣೆ. ನವಲಗುಂದ, ಕುಂದಗೋಳದ ಹತ್ತಿ, ಮೆಣಸಿನಕಾಯಿ ಹೊಲಗಳಿಗೆ ಹೊಡೆಯುವ ಕೀಟನಾಶಕವನ್ನು ಆ ಕಡೆಯವರು ಕರೆಯುವುದೇ ಎಣ್ಣೆ ಎಂದು. ಹೊಲಕ್ಕೆ ಹೊಡೆದು ಉಳಿದದ್ದನ್ನು ಬಕೆಟ್ಟಿಗೆ ಬೆರೆಸಿ ನಾಯಿಗೂ ಎಮ್ಮೆಗೂ ಬಳಿಯುವ ಚಾಳಿ ಇದೆ. ಒಂದೊಂದೇ ಉಣ್ಣಿ ಕೀಳುತ್ತ ಕೂರಲು ಯಾರಿಗೆ ಪುರುಸೊತ್ತು ಎಂಬುದು ಅವರ ವಾದ, ಮತ್ತು ಅದು ಹುರುಳಿಲ್ಲದ ವಾದವಲ್ಲ. ಮೈತುಂಬ ನೂರಾರು ಉಣ್ಣಿ ಹೊತ್ತ ನಾಯಿಗೆ ಚಿಮಟವೊಂದೇ ಪರಿಹಾರ ಅಲ್ಲ, ಔಷಧ ಬೇಕು. ಆದರೆ ಹೊಲದ ಔಷಧ ಔಷಧವೇ ಅಲ್ಲ. ಆರ್ಗನೋಫಾಸ್ಫೇಟ್ ಗುಂಪಿನ ವಿಷ ಚರ್ಮದ ಮೂಲಕವೂ ಇಳಿದು ಜೊಲ್ಲು ಸುರಿಸಿ, ಮೈ ನಡುಗಿಸಿ, ಉಸಿರು ನಿಲ್ಲಿಸುತ್ತದೆ. ಬರಿಗೈಯಲ್ಲಿ ಬಳಿದವರ ಮೈಗೂ ಇಳಿಯುತ್ತದೆ, ಎಮ್ಮೆಗೆ ಬಳಿದರೆ ಹಾಲಿಗೂ ಬರುತ್ತದೆ. ಪೇಢೆಯ ಜತೆ ಹೆಸರು ಬೆಸೆದುಕೊಂಡ ಧಾರವಾಡಿ ಎಮ್ಮೆಯ ನಾಡಿನಲ್ಲಿ ಈ ಮಾತಿಗೆ ವಿವರಣೆ ಬೇಕಿಲ್ಲ. ಪ್ರಾಣಿಗಳಿಗೆಂದೇ ತಯಾರಾದ ಡೆಲ್ಟಾಮೆಥ್ರಿನ್, ಅಮಿಟ್ರಾಜ್ ದ್ರಾವಣಗಳಿವೆ, ಪಶುವೈದ್ಯರು ಹೇಳಿದ ಅಳತೆಯಲ್ಲಿ ನೀರಿಗೆ ಬೆರೆಸಬೇಕು, ಬೆಕ್ಕಿನಿಂದ ಇವನ್ನು ದೂರವಿಡಬೇಕು. ಅಂದಾಜಿನ ಮೇಲೆ ಪದೇ ಪದೇ ಬಳಿದರೆ ಉಣ್ಣಿಗಳು ಪಳಗಿಬಿಡುತ್ತವೆ. ಭಾರತದ ದನದ ಉಣ್ಣಿಗಳಲ್ಲಿ ಡೆಲ್ಟಾಮೆಥ್ರಿನ್‌ಗೆ ಬಗ್ಗದ ತಳಿಗಳು ಈಗಾಗಲೇ ಕಂಡುಬಂದಿವೆ. ನಾಯಿಗೆ ತಿನ್ನಿಸುವ ಹೊಸ ಮಾತ್ರೆಗಳು ಚೆನ್ನಾಗಿ ಕೆಲಸ ಮಾಡುತ್ತವೆ, ಬೆಲೆ ಮಾತ್ರ ದಿನಗೂಲಿಗಿಂತ ಹೆಚ್ಚು. ಹೊಲ ಕಾಯುವ ನಾಯಿಗೆ ಅಷ್ಟು ಖರ್ಚು ಮಾಡಿ ಎಂದು ಪೇಟೆಯಲ್ಲಿ ಕೂತು ಹೇಳುವುದು ಸುಲಭ.

ಹಾಗಾಗಿ ಬಡವರ ಕೈಯಲ್ಲಿ ಉಳಿಯುವುದು ಮೂರು ಅಗ್ಗದ ಕೆಲಸಗಳು: ದಿನಕ್ಕೊಮ್ಮೆ ನಾಯಿಯ ಕಿವಿ ತಡವಿ ನೋಡುವುದು, ಕಂಡದ್ದನ್ನು ಚಿಮಟದಿಂದ ಕೀಳುವುದು, ಗೋಡೆಯ ಬಿರುಕು ಮುಚ್ಚುವುದು. ಮೂರನೆಯದನ್ನು ಮರೆಯುವವರೇ ಹೆಚ್ಚು. ನಾಯಿಯ ಕಂದು ಉಣ್ಣಿ ತನ್ನ ಆಯುಷ್ಯದ ಬಹುಪಾಲು ಕಳೆಯುವುದು ನಾಯಿಯ ಮೈಮೇಲೆ ಅಲ್ಲ, ಗೋಡೆಯ ಸಂದಿಯಲ್ಲಿ. ರಕ್ತ ಕುಡಿದು ಉಬ್ಬಿದ ಹೆಣ್ಣು ಕೆಳಗುದುರಿ, ಗೋಡೆ ಹತ್ತಿ, ಬಿರುಕಿನಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಊಟವಿಲ್ಲದೆಯೂ ಬೆಳೆದ ಉಣ್ಣಿ ತಿಂಗಳುಗಟ್ಟಲೆ ಕಾದು ಕೂರಬಲ್ಲದು. ಮಣ್ಣಿನ ಗೋಡೆಯ ಮನೆ, ಅದರೊಳಗೇ ದನ ಕಟ್ಟುವ ಜಾಗ, ಗ್ವಾದಲಿಯ ಬುಡದಲ್ಲಿ ಮಲಗುವ ನಾಯಿ, ಇವೆಲ್ಲ ಒಂದೇ ಸೂರಿನಡಿ ಇರುವ ಕಡೆ ನಾಯಿಯನ್ನು ಮಾತ್ರ ತೊಳೆದರೆ ಹದಿನೈದು ದಿನಕ್ಕೆ ಮತ್ತೆ ಅದೇ ಪಾಡು. ಆಳೆತ್ತರದವರೆಗೆ ಸಂದುಗಳನ್ನು ಮೆತ್ತಿ ಸಾರಿಸುವುದು, ನಾಯಿಯ ಗೋಣಿತಟ್ಟನ್ನು ಕುದಿಯುವ ನೀರಲ್ಲಿ ಅದ್ದುವುದು ಔಷಧದಷ್ಟೇ ಮುಖ್ಯ.

ಇದನ್ನೆಲ್ಲ ಹೇಳಿಕೊಡುವವರು ಯಾರು ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಆರೋಗ್ಯ ಇಲಾಖೆಗೆ ನಾಯಿ ಎಂದರೆ ರೇಬೀಸ್. ಪಶುಪಾಲನಾ ಇಲಾಖೆಗೆ ಉಣ್ಣಿ ಎಂದರೆ ಮಿಶ್ರತಳಿ ಆಕಳಿನ ಥೈಲೇರಿಯಾ ಜ್ವರ ಮತ್ತು ಹಾಲಿನ ನಷ್ಟ. ನಾಯಿಯ ಮೈಯಿಂದ ಮಗುವಿನ ನೆತ್ತಿಗೆ ಹತ್ತುವ ಉಣ್ಣಿ ಇಬ್ಬರ ಕಡತದಲ್ಲೂ ಇಲ್ಲ. ಹೊಸ ಯೋಜನೆಯನ್ನೇನೂ ಇದು ಬೇಡುವುದಿಲ್ಲ. ಆಶಾ ಕಾರ್ಯಕರ್ತೆಯರ ಮತ್ತು ಪಶು ಸಖಿಯರ ಚೀಲದಲ್ಲಿ ಒಂದೊಂದು ಚೂಪು ಚಿಮಟ, ಅದನ್ನು ಹಿಡಿಯುವ ಬಗೆಯನ್ನು ಒಂದು ಮಧ್ಯಾಹ್ನದಲ್ಲಿ ಕಲಿಸುವ ತರಬೇತಿ ಇದ್ದರೆ ಅರ್ಧ ಕೆಲಸ ಆಗುತ್ತದೆ. 1962ಕ್ಕೆ ಕರೆ ಮಾಡಿದರೆ ಬರುವ ಪಶು ಸಂಜೀವಿನಿ ವಾಹನದವರು ದನ ನೋಡಿ ಹೊರಡುವ ಮುಂಚೆ ಆ ಮನೆಯ ನಾಯಿಯ ಕಿವಿಯನ್ನೂ ಒಮ್ಮೆ ಮಗುಚಿ ನೋಡಬಹುದು. ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿ ತರುಬಲು ಬರುವ ಕುರಿಗಾರರನ್ನು ಯಾವ ಮನೆಭೇಟಿಯೂ ಮುಟ್ಟುವುದಿಲ್ಲ, ಅವರ ಹಟ್ಟಿಗೇ ಹೋಗಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದ ಚೀಟಿಯಲ್ಲಿ ಜ್ವರದ ರೋಗಿಗೆ ಒಂದು ಪ್ರಶ್ನೆ ಹೆಚ್ಚಿಗೆ ಅಚ್ಚಾಗಲಿ: ಎರಡು ವಾರದೊಳಗೆ ಉಣ್ಣಿ ಕಚ್ಚಿತ್ತೇ, ಮನೆಯಲ್ಲಿ ನಾಯಿ ಇದೆಯೇ? ಕಲಘಟಗಿಯ ಅಡವಿಯಂಚಿನ ಊರುಗಳಲ್ಲಿ ಉಣ್ಣಿಮರಿಗಳ ಹಾವಳಿ ಚಳಿಗಾಲದಿಂದ ಮೇ ತಿಂಗಳವರೆಗೆ ಹೆಚ್ಚಿರುವುದರಿಂದ ಆ ತರಬೇತಿ ದೀಪಾವಳಿಗೆ ಮೊದಲೇ ಅಲ್ಲಿಂದ ಶುರುವಾಗುವುದು ಒಳ್ಳೆಯದು.